ಮೆಲ್ಬರ್ನ್ ಕಪ್‌ನ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನ್ ಕಪ್ ಅಂದರೆ ಏನು?

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಫ್ಲೆಮಿಂಗ್ಟನ್ ರೇಸ್ ಕೋರ್ಸಿನಲ್ಲಿ ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಮಂಗಳವಾರ ನಡೆಯುವ ಕುದುರೆ ರೇಸ್. ದೂರ 3200 ಮೀಟರ್. ಮೂರು ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ ಕುದುರೆಗಳು ಓಡುತ್ತವೆ. ಹೆಚ್ಚೆಂದರೆ 24 ಕುದುರೆಗಳಿಗೆ ಜಾಗ. ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ತರಹ ಬೇಲಿ, ಹಳ್ಳ ಹಾರುವ ರೇಸ್ ಅಲ್ಲ. ಸಮತಟ್ಟಾದ ಹುಲ್ಲಿನ ಮೇಲೆ ಸುಮ್ನೆ ಓಟ.

ಶುರುವಾದದ್ದು 1861ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಒಂದು ವರ್ಷವೂ ತಪ್ಪಿಲ್ಲ. ಎರಡು ಮಹಾಯುದ್ಧಗಳ ನಡುವೆಯೂ ನಡೆಯಿತು. 2020ರಲ್ಲಿ ಕೊರೋನಾ ಇದ್ದಾಗ ಪ್ರೇಕ್ಷಕರಿಗೆ ಬಾಗಿಲು ಹಾಕಿ ನಡೆಸಿದರು.

3200 ಮೀಟರ್ ಅಂದರೆ ಅಷ್ಟೊಂದು ದೂರವಾ?

ಕುದುರೆಗೆ ಹೌದು. ಇವತ್ತಿನ ರೇಸುಗಳಲ್ಲಿ ಜಾಸ್ತಿ ಪಾಲು 1000ದಿಂದ 1600 ಮೀಟರಿನವು. ಅಲ್ಲಿ ಕುದುರೆ ಒಂದೇ ಉಸಿರಿಗೆ ಓಡಿ ಮುಗಿಸುತ್ತದೆ. 3200 ಮೀಟರಿಗೆ ಹಾಗೆ ಓಡಿದರೆ ಅರ್ಧ ದಾರಿಯಲ್ಲೇ ಸುಸ್ತು. ಮೊದಲು ತಡೆದು ಹಿಡಿಯಬೇಕು, ಕಸುವು ಉಳಿಸಿಕೊಳ್ಳಬೇಕು, ಕೊನೆಯ ನೇರ ದಾರಿಯಲ್ಲಿ ಬಿಡಬೇಕು. ಹೀಗೆ ದೂರ ತಾಳಿಕೊಂಡು ಓಡುವ ಕುದುರೆಗೆ ಸ್ಟೇಯರ್ ಅನ್ನುತ್ತಾರೆ.

ಫ್ಲೆಮಿಂಗ್ಟನ್‌ನಲ್ಲಿ ಕಪ್ ಶುರುವಾಗುವ ಜಾಗದಿಂದ ಸುಮಾರು 900 ಮೀಟರ್ ನೇರ ಓಟ. ಕುದುರೆಗಳು ಮೊದಲು ಪ್ರೇಕ್ಷಕರ ಮುಂದೆಯೇ ಹಾದುಹೋಗುತ್ತವೆ. ಆಮೇಲೆ 2300 ಮೀಟರಿಗಿಂತ ಸ್ವಲ್ಪ ಹೆಚ್ಚಿರುವ ಇಡೀ ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರಬೇಕು. ಕೊನೆಯ ತಿರುವು ಆದ ಮೇಲೆ 450 ಮೀಟರ್ ನೇರ ದಾರಿ. ಸುಮಾರಾಗಿ ಕಪ್ ತೀರ್ಮಾನ ಆಗುವುದು ಅಲ್ಲೇ.

ಮೊದಲು ದೂರ ಎರಡು ಮೈಲಿ ಇತ್ತು. 1972ರಲ್ಲಿ ಆಸ್ಟ್ರೇಲಿಯಾ ಮೀಟರ್ ಲೆಕ್ಕಕ್ಕೆ ಬಂದಾಗ 3200 ಮಾಡಿದರು. ಅಂದರೆ ಸುಮಾರು 19 ಮೀಟರ್ ಕಡಿಮೆಯಾಯಿತು. ದಾಖಲೆ ಸಮಯ 3 ನಿಮಿಷ 16.3 ಸೆಕೆಂಡ್. 1990ರಲ್ಲಿ ಕಿಂಗ್‌ಸ್ಟನ್ ರೂಲ್ ಮಾಡಿದ್ದು.

ಜಗತ್ತಿನಲ್ಲಿ ಇದೇ ಅತಿ ದೂರದ ರೇಸಾ?

ಅಲ್ಲ. ಇಂಗ್ಲೆಂಡಿನ ಆಸ್ಕಟ್ ಗೋಲ್ಡ್ ಕಪ್ ಸುಮಾರು 4000 ಮೀಟರ್. ಅದು 1807ರಿಂದ ಇದೆ. ನಮ್ಮ ಇಂಡಿಯನ್ ಸೇಂಟ್ ಲೆಜರ್ 2800 ಮೀಟರ್, ಪುಣೆಯಲ್ಲಿ ನಡೆಯುತ್ತದೆ. ಆದರೆ ಆ ರೇಸುಗಳ ದಿನ ಅಂಗಡಿ, ಕಚೇರಿ, ಶಾಲೆ ಎಲ್ಲ ಕೆಲಸ ನಿಲ್ಲಿಸಿ ಟಿವಿ ನೋಡುವುದಿಲ್ಲ. ಮೆಲ್ಬರ್ನ್ ಕಪ್ ದಿನ ಹಾಗೆ ಆಗುತ್ತದೆ. ಯಾಕೆ ಅನ್ನುವುದಕ್ಕೆ ಉತ್ತರ ಮುಂದಿನ ಪ್ರಶ್ನೆಯಲ್ಲಿದೆ ಅಂತ ನನ್ನ ಅಭಿಪ್ರಾಯ.

ಇದು ಹ್ಯಾಂಡಿಕ್ಯಾಪ್ ರೇಸ್ ಅನ್ನುತ್ತಾರೆ. ಹಾಗೆಂದರೇನು?

ಇದೊಂದು ಗೊತ್ತಾದರೆ ಕಪ್‌ನ ಇಡೀ ಚರಿತ್ರೆ ಅರ್ಥವಾಗುತ್ತದೆ. ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ಭಾರ, ಸುಮಾರಾದ ಕುದುರೆಗೆ ಕಡಿಮೆ ಭಾರ. ಜಾಕಿ, ಜೀನು ಎಲ್ಲ ಸೇರಿಸಿ ತೂಗುತ್ತಾರೆ. ಕಡಿಮೆ ಬಿದ್ದರೆ ಜೀನಿನ ಕೆಳಗೆ ಸೀಸದ ತುಂಡು ಇಡುತ್ತಾರೆ. ಯಾವ ಕುದುರೆಗೆ ಎಷ್ಟು ಭಾರ ಅಂತ ಹೇಳುವವರು ಹ್ಯಾಂಡಿಕ್ಯಾಪರ್. ಬೀದಿ ಕ್ರಿಕೆಟ್ಟಿನಲ್ಲಿ ಚಿಕ್ಕ ಹುಡುಗನಿಗೆ ಮೊದಲ ಬಾಲಿಗೆ ಔಟ್ ಇಲ್ಲ ಅಂತ ಬಿಡುತ್ತೇವಲ್ಲ, ಲೆಕ್ಕ ಅದೇ. ಎಲ್ಲರಿಗೂ ಒಂದು ಅವಕಾಶ ಇರಲಿ ಅಂತ.

ಇದರಿಂದ ಎರಡು ಕೆಲಸ ಆಗುತ್ತದೆ. ಒಂದು, ಯಾವ ಕುದುರೆ ಬೇಕಾದರೂ ಗೆಲ್ಲಬಹುದು. ನೂರಕ್ಕೆ ಒಂದು ದರದ (ಒಂದು ಕಟ್ಟಿದರೆ ನೂರು ಲಾಭ, ಅಂದರೆ ಗೆಲ್ಲುವ ನಂಬಿಕೆ ಯಾರಿಗೂ ಇಲ್ಲದ) ಕುದುರೆಗಳು ಈ ಕಪ್ ಗೆದ್ದಿವೆ, ಅದೂ ಒಂದಲ್ಲ, ನಾಲ್ಕು: 1871ರಲ್ಲಿ ದಿ ಪರ್ಲ್, 1936ರಲ್ಲಿ ವೋಟನ್, 1940ರಲ್ಲಿ ಓಲ್ಡ್ ರೌಲಿ, 2015ರಲ್ಲಿ ಪ್ರಿನ್ಸ್ ಆಫ್ ಪೆನ್ಜಾನ್ಸ್. ಕುದುರೆಯ ಗಂಧಗಾಳಿ ಇಲ್ಲದವರೂ ಕಚೇರಿಯಲ್ಲಿ ಚೀಟಿ ಎತ್ತಿ, ತಮಗೆ ಬಂದ ಹೆಸರಿಗಾಗಿ ಕೂಗುವುದು ಇದೇ ಧೈರ್ಯದ ಮೇಲೆ. ಎರಡು, ನಿಜವಾದ ದೊಡ್ಡ ಕುದುರೆ ಗೆಲ್ಲಬೇಕಾದರೆ ಭಾರ ಹೊತ್ತೇ ಗೆಲ್ಲಬೇಕು. ಕಪ್‌ನ ಹಳೆಯ ಕಥೆಗಳಲ್ಲಿ ಹೆಸರಿನ ಪಕ್ಕದಲ್ಲೇ ತೂಕ ಬರುವುದು ಅದಕ್ಕೇ.

ಶುರು ಮಾಡಿದ್ದು ಯಾರು? ಮೊದಲ ರೇಸ್ ಹೇಗಿತ್ತು?

1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು. ಹತ್ತು ವರ್ಷದಲ್ಲಿ ಮೆಲ್ಬರ್ನ್ ಕೈತುಂಬ ದುಡ್ಡಿರುವ ಊರಾಯಿತು. ಅಲ್ಲಿ ಆಗ ಎರಡು ರೇಸ್ ಕ್ಲಬ್ಬುಗಳು, ಎರಡಕ್ಕೂ ಪೈಪೋಟಿ. ಅದರಲ್ಲಿ ಒಂದಾದ ವಿಕ್ಟೋರಿಯಾ ಟರ್ಫ್ ಕ್ಲಬ್ ಈ ಎರಡು ಮೈಲಿ ಹ್ಯಾಂಡಿಕ್ಯಾಪ್ ಶುರು ಮಾಡಿತು. ಯೋಚನೆ ಕ್ಯಾಪ್ಟನ್ ಫ್ರೆಡರಿಕ್ ಸ್ಟ್ಯಾಂಡಿಷ್ ಅವರದ್ದು ಅನ್ನುತ್ತಾರೆ. ಅವರು ಪೊಲೀಸ್ ಇಲಾಖೆಯ ಮುಖ್ಯಸ್ಥರೂ ಹೌದು. 1864ರಲ್ಲಿ ಎರಡೂ ಕ್ಲಬ್ಬುಗಳು ಮುಚ್ಚಿ, ವಿಕ್ಟೋರಿಯಾ ರೇಸಿಂಗ್ ಕ್ಲಬ್ ಹುಟ್ಟಿತು. ಇವತ್ತಿಗೂ ಕಪ್ ನಡೆಸುವುದು ಅದೇ.

ಮೊದಲ ಕಪ್ 1861ರ ನವೆಂಬರ್ 7ರಂದು, ಒಂದು ಗುರುವಾರ. ಜನ ಬಂದದ್ದು ಸುಮಾರು 4000. ಊರಿನಲ್ಲಿ ಸೂತಕದ ವಾತಾವರಣವಿತ್ತು. ಆಸ್ಟ್ರೇಲಿಯಾದ ಒಳನಾಡನ್ನು ದಾಟಲು ಹೋಗಿದ್ದ ಬರ್ಕ್ ಮತ್ತು ವಿಲ್ಸ್ ಸತ್ತ ಸುದ್ದಿ ಕೆಲವೇ ದಿನ ಮುಂಚೆ ಬಂದಿತ್ತು. ಹದಿನೇಳು ಕುದುರೆ ಓಡಿದವು. ಮೂರು ಕುದುರೆ ಬಿದ್ದವು, ಎರಡು ಸತ್ತವು. ಗೆದ್ದದ್ದು ಆರ್ಚರ್, ಆರು ಕುದುರೆ ಉದ್ದದಷ್ಟು ಮುಂದೆ. ಫೇವರಿಟ್, ಅಂದರೆ ಗೆಲ್ಲುತ್ತದೆ ಅಂತ ಎಲ್ಲಕ್ಕಿಂತ ಜಾಸ್ತಿ ದುಡ್ಡು ಬಿದ್ದಿದ್ದ ಮಾರ್ಮನ್ ಎರಡನೇ ಸ್ಥಾನಕ್ಕೆ ಬಂತು. ಬಹುಮಾನ 710 ಪೌಂಡ್ ಮತ್ತು ಒಂದು ಚಿನ್ನದ ಗಡಿಯಾರ. ಇದು ಕಪ್ ಅಂತ ಹೆಸರು, ಆದರೆ ಆ ವರ್ಷ ಕಪ್ಪೇ ಇರಲಿಲ್ಲ! ಈಗ ಕೊಡುವ ಮೂರು ಹಿಡಿಯ ಚಿನ್ನದ ಕಪ್‌ನ ವಿನ್ಯಾಸ 1919ರದ್ದು.

ಆರ್ಚರ್ 800 ಕಿಲೋಮೀಟರ್ ನಡೆದುಕೊಂಡು ಬಂದು ಗೆದ್ದಿತಂತೆ. ನಿಜಾನಾ?

ಇಲ್ಲ. ಆರ್ಚರ್ ಇದ್ದದ್ದು ನ್ಯೂ ಸೌತ್ ವೇಲ್ಸ್‌ನ ನೌರಾ ಹತ್ತಿರ, ಟ್ರೇನರ್ ಎಟಿಯೆನ್ ಡಿ ಮೆಸ್ಟ್ರ್ ಅವರ ಲಾಯದಲ್ಲಿ. ಅಲ್ಲಿಂದ ನಡೆದೇ ಬಂತು ಅನ್ನುವ ಕಥೆ ಕೇಳಲು ಚೆಂದ. ನಿಜದಲ್ಲಿ ಸಿಡ್ನಿಯಿಂದ ಉಗಿಹಡಗಿನಲ್ಲಿ ಬಂದದ್ದು. ಇನ್ನೊಂದು ಊರಿನ ಕುದುರೆ ತಮ್ಮೂರಿನ ಫೇವರಿಟ್ಟನ್ನು ಸೋಲಿಸಿತಲ್ಲ, ಆ ಉರಿಯಲ್ಲಿ ಕಥೆ ಬೆಳೆದಿರಬೇಕು. ಸಿಡ್ನಿಗೂ ಮೆಲ್ಬರ್ನಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಮೂರನೇ ಕಪ್‌ನಲ್ಲಿ ಆರ್ಚರ್ ಯಾಕೆ ಓಡಲಿಲ್ಲ?

ಇಲ್ಲೂ ಭಾರದ್ದೇ ಕಥೆ. 1861ರಲ್ಲಿ ಆರ್ಚರ್ ಹೊತ್ತದ್ದು ಸುಮಾರು 60 ಕಿಲೋ. 1862ರಲ್ಲಿ 64 ಕಿಲೋ ಕೊಟ್ಟರು. ಆಗಲೂ ಸುಲಭವಾಗಿ ಗೆದ್ದಿತು. 1863ಕ್ಕೆ 71 ಕಿಲೋಗಿಂತ ಜಾಸ್ತಿ ಹಾಕಿದರು. ಡಿ ಮೆಸ್ಟ್ರ್ ಯೋಚಿಸಿ, ಕೊನೆಗೆ ಒಪ್ಪಿಕೊಂಡು ತಂತಿ ಕಳಿಸಿದರು. ಮೆಲ್ಬರ್ನಿನಲ್ಲಿ ಅವತ್ತು ಸಾರ್ವಜನಿಕ ರಜೆ. ತಂತಿ ತಲುಪುವ ಹೊತ್ತಿಗೆ ಗಡುವು ಮೀರಿತ್ತು. ಕ್ಲಬ್ಬಿನವರು ನಿಯಮ ನಿಯಮವೇ ಅಂದುಬಿಟ್ಟರು.

ಅದನ್ನು ಕೇಳಿ ಬೇರೆ ಕಡೆಯ ಮಾಲೀಕರಿಗೆ ಸಿಟ್ಟು ಬಂತು. ಒಬ್ಬೊಬ್ಬರಾಗಿ ತಮ್ಮ ಕುದುರೆ ವಾಪಸ್ ತೆಗೆದರು. ಉಳಿದದ್ದು ಏಳು ಕುದುರೆ. ಇವತ್ತಿನವರೆಗೂ ಅಷ್ಟು ಚಿಕ್ಕ ಕಪ್ ಇನ್ನೊಂದಿಲ್ಲ. ಗೆದ್ದ ಬ್ಯಾಂಕರ್ ಹೊತ್ತದ್ದು ಬರೀ 33 ಕಿಲೋ ಚಿಲ್ಲರೆ. ಆರ್ಚರ್‌ಗೆ ಹಾಕಿದ್ದರ ಅರ್ಧಕ್ಕಿಂತ ಕಡಿಮೆ!

ಡಿ ಮೆಸ್ಟ್ರ್ ಬಿಡಲಿಲ್ಲ. ಮುಂದೆ ಇನ್ನೂ ಮೂರು ಸಲ ಕಪ್ ಗೆದ್ದರು, ಒಟ್ಟು ಐದು. ಅದರಲ್ಲಿ 1867ರದ್ದು ತಮಾಷೆ. ಆ ವರ್ಷ ಟಿಮ್ ವಿಫ್ಲರ್ ಅನ್ನುವ ಹೆಸರಿನ ಎರಡು ಕುದುರೆ ಓಡಿದವು. ಜನ ಸಿಡ್ನಿ ಟಿಮ್, ಮೆಲ್ಬರ್ನ್ ಟಿಮ್ ಅಂತ ಕರೆದು ಗೊಂದಲ ಬಗೆಹರಿಸಿಕೊಂಡರು. ಗೆದ್ದದ್ದು ಡಿ ಮೆಸ್ಟ್ರ್ ಅವರ ಸಿಡ್ನಿ ಟಿಮ್.

ಮಂಗಳವಾರವೇ ಯಾಕೆ? ರಜೆ ಎಲ್ಲರಿಗೂ ಇರುತ್ತದೆಯಾ?

ಮೊದಲ ವರ್ಷಗಳಲ್ಲಿ ಗುರುವಾರ ನಡೆಯುತ್ತಿತ್ತು. 1875ರಲ್ಲಿ ನವೆಂಬರಿನ ಮೊದಲ ಮಂಗಳವಾರಕ್ಕೆ ತಂದರು. ಹಿಂದಿನ ಶನಿವಾರ ಡರ್ಬಿ ಅನ್ನುವ ರೇಸ್, ಮಂಗಳವಾರ ಕಪ್, ಗುರುವಾರ ಓಕ್ಸ್ ಅನ್ನುವ ರೇಸ್, ಹೀಗೆ ಒಂದು ವಾರದ ಜಾತ್ರೆ. 1942ರಿಂದ 1944ರವರೆಗೆ ಯುದ್ಧದ ಕಾರಣಕ್ಕೆ ಶನಿವಾರ ನಡೆಸಿದ್ದರು.

ರಜೆ 1870ರ ದಶಕದಿಂದಲೇ ಇದೆ, ಆದರೆ ಇಡೀ ದೇಶಕ್ಕಲ್ಲ. ಮೆಲ್ಬರ್ನಿಗೂ ವಿಕ್ಟೋರಿಯಾ ರಾಜ್ಯದ ಬಹುಪಾಲಿಗೂ ಮಾತ್ರ. ಅಲ್ಲಿರುವ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ಸೋಮವಾರವೂ ಒಂದು ರಜೆ ಹಾಕಿ ನಾಲ್ಕು ದಿನ ಊರು ಸುತ್ತಲು ಹೋಗುತ್ತಾರೆ. ರೇಸನ್ನು ಎಲ್ಲಾದರೂ ಪೆಟ್ರೋಲ್ ಬಂಕಿನ ಟಿವಿಯಲ್ಲಿ ನೋಡಿಕೊಂಡರೆ ಆಯಿತು. ಸಿಡ್ನಿಯಲ್ಲಿರುವವರಿಗೆ ಆ ಭಾಗ್ಯ ಇಲ್ಲ. ಆದರೂ ಮಧ್ಯಾಹ್ನ ಮೂರು ಗಂಟೆಗೆ ಅಲ್ಲೂ ಯಾರೂ ಕೆಲಸ ಮಾಡುವುದಿಲ್ಲ.

ಭಾರತದಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ.

ಚಿಕ್ಕ ಹುಡುಗರು ಜಾಕಿಗಳಾಗಿ ಓಡಿಸುತ್ತಿದ್ದರಂತೆ, ಹೌದಾ?

ಹೌದು. ಭಾರದ ಲೆಕ್ಕದಿಂದ ಬಂದ ಕೆಟ್ಟ ಫಲ ಇದು. ಕುದುರೆಗೆ 40 ಕಿಲೋ ಅಂತ ಬರೆದರೆ ಅದರ ಮೇಲೆ ಕೂರುವವರು ಯಾರು? ದೊಡ್ಡವರಿಗೆ ಆಗುವುದಿಲ್ಲ. ಹುಡುಗರನ್ನೇ ಕೂರಿಸುತ್ತಿದ್ದರು.

1876ರಲ್ಲಿ ಬ್ರಿಸೀಸ್ ಅನ್ನುವ ಮೂರು ವರ್ಷದ ಹೆಣ್ಣು ಕುದುರೆ ಆರು ದಿನದಲ್ಲಿ ಡರ್ಬಿ, ಕಪ್, ಓಕ್ಸ್ ಮೂರನ್ನೂ ಗೆದ್ದಿತು. ಕಪ್‌ನಲ್ಲಿ ಹೊತ್ತದ್ದು 40 ಕಿಲೋ. ಜಾಕಿ ಪೀಟರ್ ಸೇಂಟ್ ಆಲ್ಬನ್ಸ್‌ಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ಆ ರೇಸಿಗೆ ಇನ್ನೊಂದು ದುಃಖದ ಹಿನ್ನೆಲೆ ಇದೆ. ಸಿಡ್ನಿಯಿಂದ ಕುದುರೆಗಳನ್ನು ತರುತ್ತಿದ್ದ ಸಿಟಿ ಆಫ್ ಮೆಲ್ಬರ್ನ್ ಅನ್ನುವ ಹಡಗು ಬಿರುಗಾಳಿಗೆ ಸಿಕ್ಕಿ, ಅದರಲ್ಲಿದ್ದ ಕುದುರೆಗಳಲ್ಲಿ ಹೆಚ್ಚಿನವು ಸತ್ತುಹೋಗಿದ್ದವು.

1948ರಲ್ಲೂ ರಿಮ್‌ಫೈರ್ ಮೇಲೆ ಗೆದ್ದ ರೇ ನೆವಿಲ್‌ಗೆ 15 ವರ್ಷ. ಗೆದ್ದವರು ಯಾರೆಂದು ಹೇಳಲು ಕಪ್‌ನಲ್ಲಿ ಮೊದಲ ಸಲ ಫೋಟೋ ನೋಡಿದ್ದು ಅದೇ ವರ್ಷ. ಈಗ ಕನಿಷ್ಠ ಭಾರ 50 ಕಿಲೋ.

ಅತಿ ಹೆಚ್ಚು ಭಾರ ಹೊತ್ತು ಗೆದ್ದ ಕುದುರೆ ಯಾವುದು?

ಕಾರ್ಬೈನ್, 1890ರಲ್ಲಿ. ಸುಮಾರು 66 ಕಿಲೋ. ಎದುರಿಗೆ ಇನ್ನೂ 38 ಕುದುರೆ. ಒಟ್ಟು 39 ಓಡಿದ ಆ ವರ್ಷವೇ ಕಪ್‌ನ ಅತಿ ದೊಡ್ಡ ಗುಂಪು. ಅಷ್ಟು ಕುದುರೆಗಳ ನಡುವೆ ದಾರಿ ಮಾಡಿಕೊಂಡು, ಎಲ್ಲಕ್ಕಿಂತ ಜಾಸ್ತಿ ಭಾರ ಹೊತ್ತು, ಆ ಕಾಲಕ್ಕೆ ದಾಖಲೆ ಸಮಯದಲ್ಲಿ ಗೆದ್ದಿತು. ಆ ಭಾರದ ದಾಖಲೆ ಇವತ್ತಿಗೂ ಮುರಿದಿಲ್ಲ, ಮುಂದೆ ಮುರಿಯುವ ಹಾಗೂ ಕಾಣುವುದಿಲ್ಲ. ಈಗ ಯಾರೂ ಅಷ್ಟು ಭಾರ ಹೊರಿಸುವುದಿಲ್ಲ. ಒಂದೇ ಒಂದು ಓಟ ನೋಡುವ ಅವಕಾಶ ಸಿಕ್ಕರೆ ನಾನು ಆರಿಸುವುದು ಇದನ್ನೇ, ಮುಂದೆ ಬರುವ ಫಾರ್ ಲ್ಯಾಪ್ ಅನ್ನುವ ಕುದುರೆಯದ್ದಲ್ಲ.

ಈ ರೇಸಿನ ಹಳೆಯ ಸಿನಿಮಾ ಇದೆಯಂತೆ?

ಇದೆ. 1896ರಲ್ಲಿ ನ್ಯೂಹೇವನ್ ಗೆದ್ದ ಕಪ್ ದಿನವನ್ನು ಮಾರಿಯಸ್ ಸೆಸ್ಟಿಯೆ ಅನ್ನುವ ಫ್ರೆಂಚ್ ವ್ಯಕ್ತಿ ಚಿತ್ರೀಕರಿಸಿದರು. ಆಸ್ಟ್ರೇಲಿಯಾದಲ್ಲಿ ತೆಗೆದ ಮೊಟ್ಟಮೊದಲ ಚಿತ್ರಗಳಲ್ಲಿ ಅದೂ ಒಂದು. ಅದೇ ವರ್ಷ ಜುಲೈ 7ರಂದು ಬಾಂಬೆಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿ ಭಾರತಕ್ಕೆ ಸಿನಿಮಾ ತಂದವರೂ ಇವರೇ! ಬಾಂಬೆ ಮುಗಿಸಿಕೊಂಡು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ್ದರು.

ಫಾರ್ ಲ್ಯಾಪ್ ಮೇಲೆ ಗುಂಡು ಹಾರಿಸಿದ್ದು ಯಾಕೆ?

ಮೊದಲು ಕುದುರೆಯ ವಿಷಯ. 1926ರಲ್ಲಿ ನ್ಯೂಜಿಲೆಂಡಿನ ಟಿಮಾರು ಹತ್ತಿರ ಹುಟ್ಟಿದ್ದು. ಹ್ಯಾರಿ ಟೆಲ್ಫರ್ಡ್ ಅನ್ನುವ ಕಷ್ಟದಲ್ಲಿದ್ದ ಟ್ರೇನರ್ ಅದರ ವಂಶಾವಳಿ ನೋಡಿ ಮೆಚ್ಚಿ, ಡೇವಿಡ್ ಡೇವಿಸ್ ಅನ್ನುವವರಿಂದ 160 ಗಿನ್ನಿ ಕೊಡಿಸಿ ತರಿಸಿದರು. ಬಂದ ಕುದುರೆ ನೋಡಿ ಡೇವಿಸ್‌ಗೆ ಬೇಜಾರು. ಇದಕ್ಕೆ ತರಬೇತಿಯ ಖರ್ಚು ನಾನು ಕೊಡುವುದಿಲ್ಲ ಅಂದರು. ಟೆಲ್ಫರ್ಡ್ ಮೂರು ವರ್ಷಕ್ಕೆ ಅದನ್ನು ಗೇಣಿಗೆ ತೆಗೆದುಕೊಂಡರು. ಆ ಕುದುರೆ ಒಟ್ಟು 51 ರೇಸುಗಳಲ್ಲಿ 37 ಗೆದ್ದಿತು.

1930ರಲ್ಲಿ ಆರ್ಥಿಕ ಕುಸಿತದ ಕಾಲ. ಬುಕ್ಕಿಗಳ ಹತ್ತಿರ ಜೋಡಿ ಪಂದ್ಯ ಅಂತ ಒಂದಿತ್ತು. ಅಕ್ಟೋಬರಿನ ಕಾಲ್‌ಫೀಲ್ಡ್ ಕಪ್ ಮತ್ತು ಮೆಲ್ಬರ್ನ್ ಕಪ್ ಎರಡರಲ್ಲೂ ಗೆಲ್ಲುವ ಕುದುರೆಯನ್ನು ಮುಂಚೆಯೇ ಹೇಳಿ ಕಟ್ಟುವುದು. ಮೊದಲನೆಯದಕ್ಕೆ ಅಮೌನಿಸ್, ಎರಡನೆಯದಕ್ಕೆ ಫಾರ್ ಲ್ಯಾಪ್ ಅಂತ ಬೇಕಾದಷ್ಟು ದುಡ್ಡು ಬಿದ್ದಿತ್ತು. ಕಾಲ್‌ಫೀಲ್ಡ್ ಕಪ್‌ನಲ್ಲೂ ಫಾರ್ ಲ್ಯಾಪ್ ಹೆಸರಿತ್ತು, ಹಾಗಾಗಿ ಅಮೌನಿಸ್ ಮೇಲಿನ ದರ ಚೆನ್ನಾಗಿತ್ತು. ಆಮೇಲೆ ಫಾರ್ ಲ್ಯಾಪ್ ಹೆಸರು ವಾಪಸ್ ತೆಗೆದರು. ಅಮೌನಿಸ್ ಗೆದ್ದೇ ಬಿಟ್ಟಿತು. ಇನ್ನು ಫಾರ್ ಲ್ಯಾಪ್ ಕೂಡ ಗೆದ್ದರೆ ಬುಕ್ಕಿಗಳು ಮುಳುಗಿದ ಹಾಗೇ.

ನವೆಂಬರ್ 1, ಶನಿವಾರ ಬೆಳಿಗ್ಗೆ. ಕುದುರೆಯನ್ನು ನೋಡಿಕೊಳ್ಳುತ್ತಿದ್ದ ಹುಡುಗ ಟಾಮಿ ವುಡ್‌ಕಾಕ್ ಅಭ್ಯಾಸ ಮುಗಿಸಿ ಅದನ್ನು ಲಾಯಕ್ಕೆ ವಾಪಸ್ ಕರೆತರುತ್ತಿದ್ದ. ನಮ್ಮ ರೇಸ್ ಕೋರ್ಸುಗಳಲ್ಲಿ ಸೈಸ್ ಅನ್ನುತ್ತಾರಲ್ಲ, ಅವನ ಕೆಲಸ ಅದು. ಒಂದು ಕಾರಿನಿಂದ ಬಂದೂಕು ಹಾರಿತು. ಕುದುರೆಗೂ ಹುಡುಗನಿಗೂ ಏನೂ ಆಗಲಿಲ್ಲ. ಹಾರಿಸಿದವರು ಸಿಕ್ಕಲೂ ಇಲ್ಲ. ಫಾರ್ ಲ್ಯಾಪ್ ಅದೇ ಮಧ್ಯಾಹ್ನ ಇನ್ನೊಂದು ರೇಸ್ ಗೆದ್ದಿತು. ಆಮೇಲೆ ಅದನ್ನು ಜೀಲಾಂಗ್ ಹತ್ತಿರದ ಸೇಂಟ್ ಆಲ್ಬನ್ಸ್ ಕುದುರೆ ಫಾರಮ್ಮಿನಲ್ಲಿ ಬಚ್ಚಿಟ್ಟರು. ಮಂಗಳವಾರ ರೇಸಿಗೆ ಇನ್ನೇನು ಹೊತ್ತಾಯಿತು ಅನ್ನುವಾಗ ಫ್ಲೆಮಿಂಗ್ಟನ್‌ಗೆ ತಂದರು. 62 ಕಿಲೋ ಚಿಲ್ಲರೆ ಹೊತ್ತು, ಜಿಮ್ ಪೈಕ್ ಕೈಯಲ್ಲಿ ಆರಾಮಾಗಿ ಗೆದ್ದಿತು. ಅದರ ಮೇಲೆ 11 ಪೌಂಡ್ ಕಟ್ಟಿದರೆ ಲಾಭ 8 ಪೌಂಡ್ ಅಷ್ಟೇ. ಕಪ್‌ನಲ್ಲಿ ಅಷ್ಟು ಕಡಿಮೆ ದರದ ಫೇವರಿಟ್ ಆಮೇಲೆ ಬಂದಿಲ್ಲ.

ಮುಂದಿನ ವರ್ಷ 68 ಕಿಲೋ ಹೊರಿಸಿದರು. ಎಂಟನೇ ಸ್ಥಾನ.

ಫಾರ್ ಲ್ಯಾಪ್ ಸತ್ತದ್ದು ವಿಷದಿಂದಲಾ?

1932ರ ಮಾರ್ಚ್ 20ರಂದು ಮೆಕ್ಸಿಕೋದ ಟಿಹುವಾನಾದಲ್ಲಿ ಆಗ್ವಾ ಕಾಲಿಯೆಂಟೆ ಹ್ಯಾಂಡಿಕ್ಯಾಪ್ ಗೆದ್ದಿತು. ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದಲ್ಲಿ ಹೊಟ್ಟೆನೋವಿನಿಂದ ಒದ್ದಾಡಿ ವುಡ್‌ಕಾಕ್ ಕಣ್ಣೆದುರೇ ಸತ್ತಿತು. ಅಮೆರಿಕದವರು ಕೊಂದರು ಅಂತ ಆಸ್ಟ್ರೇಲಿಯಾದಲ್ಲಿ ತಲೆತಲಾಂತರದಿಂದ ಮಾತು. ಈ ಶತಮಾನದಲ್ಲಿ ಅದರ ಕೂದಲನ್ನು ಪರೀಕ್ಷೆ ಮಾಡಿದಾಗ, ಸಾಯುವ ಒಂದೆರಡು ದಿನ ಮುಂಚೆ ಹೊಟ್ಟೆಗೆ ಬಹಳ ಆರ್ಸೆನಿಕ್ ಹೋಗಿದೆ ಅಂತ ಬಂತು. ಆದರೆ ಆ ಕಾಲದಲ್ಲಿ ಕುದುರೆಗಳ ಟಾನಿಕ್ಕುಗಳಲ್ಲೇ ಆರ್ಸೆನಿಕ್ ಇರುತ್ತಿತ್ತು. ಬೇಕಂತಲೇ ಕೊಟ್ಟರು ಅಂತ ಇದರಿಂದ ಹೇಳಲು ಬರುವುದಿಲ್ಲ.

ಸತ್ತ ಮೇಲೂ ಅದಕ್ಕೆ ಹಕ್ಕುದಾರರು ಜಾಸ್ತಿ. ಚರ್ಮ ತುಂಬಿಸಿ ನಿಲ್ಲಿಸಿದ್ದು ಮೆಲ್ಬರ್ನ್ ಮ್ಯೂಸಿಯಮ್ಮಿನಲ್ಲಿ. ಮೂಳೆಗಳು ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ. ಆರು ಕಿಲೋ ದಾಟುವ ಹೃದಯ ಕ್ಯಾನ್‌ಬೆರಾದ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ.

ಅತಿ ಹೆಚ್ಚು ಕಪ್ ಗೆದ್ದ ಟ್ರೇನರ್ ಯಾರು?

ಬಾರ್ಟ್ ಕಮಿಂಗ್ಸ್. ಹನ್ನೆರಡು ಸಲ. 1965ರಲ್ಲಿ ಲೈಟ್ ಫಿಂಗರ್ಸ್ ಮೊದಲು, 2008ರಲ್ಲಿ ವ್ಯೂಡ್ ಕೊನೆ. 1950ರಲ್ಲಿ ಅವರ ಅಪ್ಪ ಕಾಮಿಕ್ ಕೋರ್ಟ್ ಜೊತೆ ಗೆದ್ದಾಗ ಬಾರ್ಟ್ ಆ ಕುದುರೆಯ ಸೈಸ್ ಆಗಿದ್ದರು. ಚಿಕ್ಕವರಿದ್ದಾಗ ಡಾಕ್ಟರು, ನಿನಗೆ ಕುದುರೆ ಮತ್ತು ಒಣಹುಲ್ಲು ಎರಡೂ ಅಲರ್ಜಿ ಅಂತ ಹೇಳಿದ್ದರು! ಅವರ 1999ರ ಕುದುರೆಯ ಹೆಸರು ರೋಗನ್ ಜೋಶ್. ಹೌದು, ಕಾಶ್ಮೀರದ ಮಟನ್ ಅಡುಗೆಯದೇ ಹೆಸರು.

ಒಂದಕ್ಕಿಂತ ಹೆಚ್ಚು ಸಲ ಗೆದ್ದ ಕುದುರೆಗಳು ಯಾವುವು?

ಐದೇ. ಆರ್ಚರ್, ಪೀಟರ್ ಪ್ಯಾನ್, ರೇನ್ ಲವರ್, ಥಿಂಕ್ ಬಿಗ್ ಎರಡೆರಡು ಸಲ. ಮಕೈಬಿ ದೀವಾ ಮಾತ್ರ ಮೂರು ಸಲ, 2003ರಿಂದ 2005ರವರೆಗೆ ಸಾಲಾಗಿ. ಮೂರು ಸಲವೂ ಜಾಕಿ ಗ್ಲೆನ್ ಬಾಸ್. ಮಾಲೀಕ ಟೋನಿ ಸ್ಯಾಂಟಿಕ್ ಮೀನಿನ ವ್ಯಾಪಾರದವರು. ತಮ್ಮ ಕಚೇರಿಯ ಐದು ಹೆಣ್ಣುಮಕ್ಕಳ ಹೆಸರಿನ ಮೊದಲ ಅಕ್ಷರಗಳನ್ನು ಪೋಣಿಸಿ ಈ ಹೆಸರಿಟ್ಟರು. 2005ರಲ್ಲಿ ಅದು ಹೊತ್ತ 58 ಕಿಲೋ ಹೆಣ್ಣು ಕುದುರೆಗಳ ಮಟ್ಟಿಗೆ ದಾಖಲೆ. ಮೊದಲ ಗೆಲುವಿನ ದಿನ ಫ್ಲೆಮಿಂಗ್ಟನ್‌ನಲ್ಲಿ 1.22 ಲಕ್ಷ ಜನ.

ಹೆಂಗಸರು ಗೆದ್ದಿದ್ದಾರಾ?

1938ರಲ್ಲೇ ಒಬ್ಬರು ಗೆದ್ದರು, ಆದರೆ ದಾಖಲೆಯಲ್ಲಿ ಹೆಸರಿಲ್ಲ. ಕೆಟಲಾಗ್ ಅನ್ನುವ ಕುದುರೆಯನ್ನು ನ್ಯೂಜಿಲೆಂಡಿನ ಶ್ರೀಮತಿ ಮೆಕ್‌ಡೊನಾಲ್ಡ್ ತಯಾರು ಮಾಡಿದ್ದರು. ಮೆಲ್ಬರ್ನಿನಲ್ಲಿ ಆಗ ಹೆಂಗಸರಿಗೆ ಟ್ರೇನರ್ ಲೈಸೆನ್ಸ್ ಕೊಡುತ್ತಿರಲಿಲ್ಲ. ಗಂಡನ ಹೆಸರು ಹಾಕಿದರು. ಅಧಿಕೃತವಾಗಿ ಮೊದಲ ಮಹಿಳಾ ಟ್ರೇನರ್ 2001ರಲ್ಲಿ ಶೀಲಾ ಲ್ಯಾಕ್ಸನ್, ಕುದುರೆ ಎಥೀರಿಯಲ್.

ಜಾಕಿಗಳಲ್ಲಿ ಮೊದಲು ಓಡಿಸಿದವರು 1987ರಲ್ಲಿ ಮರೀ ಲಿಂಡನ್. ಗೆದ್ದವರು 2015ರಲ್ಲಿ ಮಿಷೆಲ್ ಪೇನ್, ನೂರಕ್ಕೆ ಒಂದು ದರದ ಪ್ರಿನ್ಸ್ ಆಫ್ ಪೆನ್ಜಾನ್ಸ್ ಮೇಲೆ. ಹತ್ತು ಮಕ್ಕಳ ಮನೆಯಲ್ಲಿ ಕೊನೆಯವರು. ಡೌನ್ ಸಿಂಡ್ರೋಮ್ ಇರುವ ಅಣ್ಣ ಸ್ಟೀವಿಯೇ ಆ ಕುದುರೆಯ ಸೈಸ್. ಯಾವ ಗೇಟಿನಿಂದ ಓಡಬೇಕು ಅನ್ನುವ ಚೀಟಿ ಎತ್ತಿದ್ದೂ ಅವರೇ, ಬಂದದ್ದು ಒಂದನೇ ನಂಬರ್. ಹೆಂಗಸರ ಕೈಯಲ್ಲಿ ಶಕ್ತಿ ಸಾಲದು ಅನ್ನುತ್ತಿದ್ದವರಿಗೆ ಮಿಷೆಲ್ ಗೆದ್ದ ಕೂಡಲೇ ಟಿವಿಯಲ್ಲೇ ನೇರವಾಗಿ ಬೈದರು. ಬೈದದ್ದು ಸರಿಯಾಗಿಯೇ ಇತ್ತು.

ಟೋಪಿ, ಫ್ಯಾಷನ್ ಎಲ್ಲ ಯಾವಾಗ ಸೇರಿತು?

1962ರಲ್ಲಿ ಚೆಂದದ ಉಡುಪಿಗೆ ಸ್ಪರ್ಧೆ ಇಟ್ಟರು. 1965ರ ಡರ್ಬಿ ದಿನ ಇಂಗ್ಲಿಷ್ ಮಾಡೆಲ್ ಜೀನ್ ಶ್ರಿಂಪ್ಟನ್ ಟೋಪಿ, ಕೈಗವಸು ಇಲ್ಲದೆ, ಮಂಡಿಯ ಮೇಲಿನ ಫ್ರಾಕ್ ಹಾಕಿ ಬಂದರು. ಪತ್ರಿಕೆಗಳಲ್ಲಿ ಅವತ್ತಿನ ಕುದುರೆಗಳ ಸುದ್ದಿ ಮೂಲೆಗೆ ಹೋಯಿತು.

ಕುದುರೆಗಳು ಸಾಯುತ್ತವೆ ಅನ್ನುವ ದೂರು ನಿಜವಾ?

ನಿಜ. ಮೊದಲ ಕಪ್‌ನಲ್ಲೇ ಎರಡು ಸತ್ತವು ಅಂತ ಮೇಲೆ ಹೇಳಿದೆ. 2013ರಿಂದ 2020ರ ನಡುವೆ ಕಪ್ ಓಡಿದ ಆರು ಕುದುರೆಗಳು ಸತ್ತವು. 2014ರಲ್ಲಿ ಫೇವರಿಟ್ ಆಗಿದ್ದ ಜಪಾನಿನ ಅಡ್ಮೈರ್ ರಕ್ತಿ ಓಟ ಮುಗಿಸಿ ಲಾಯದಲ್ಲೇ ಕುಸಿಯಿತು. ಅದೇ ದಿನ ಆರಾಲ್ಡೋ, ಪ್ರೇಕ್ಷಕರ ಕೈಯಲ್ಲಿದ್ದ ಬಾವುಟಕ್ಕೆ ಬೆದರಿ ಕಾಲು ಮುರಿದುಕೊಂಡಿತು. ಮೂರು ಸಲ ಎರಡನೇ ಸ್ಥಾನ ಬಂದು ಎಲ್ಲರ ಪ್ರೀತಿ ಗಳಿಸಿದ್ದ ರೆಡ್ ಕ್ಯಾಡೋ 2015ರಲ್ಲಿ ಓಡುವಾಗ ಕಾಲಿಗೆ ಪೆಟ್ಟಾಗಿ, ಕೆಲವು ವಾರದಲ್ಲಿ ಹೋಯಿತು. 2020ರಲ್ಲಿ ಸತ್ತದ್ದು, ಹಿಂದೆ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಗೆದ್ದಿದ್ದ ಆಂಥನಿ ವ್ಯಾನ್ ಡೈಕ್.

ಅದಾದ ಮೇಲೆ ನಿಯಮ ಬಿಗಿ ಮಾಡಿದರು. ಹೊರದೇಶದಿಂದ ಬರುವ ಕುದುರೆಗಳ ಕಾಲುಗಳಿಗೆ ಸ್ಕ್ಯಾನ್ ಕಡ್ಡಾಯ. ಎಷ್ಟು ಕುದುರೆ ಬರಬಹುದು ಅನ್ನುವುದಕ್ಕೂ ಮಿತಿ. ಇದರಿಂದ ಪರಿಸ್ಥಿತಿ ಸುಧಾರಿಸಿದೆ. ಆದರೂ ಕಪ್ ಬೇಡ ಅನ್ನುವವರ ಗುಂಪು ಬೆಳೆಯುತ್ತಲೇ ಇದೆ. ‘ನಪ್ ಟು ದಿ ಕಪ್’ ಅಂತ ಅವರ ಘೋಷಣೆ. ಅವರ ಮಾತನ್ನು ತಳ್ಳಿಹಾಕುವುದು ನನಗೆ ಸುಲಭವಾಗಿ ಕಾಣುವುದಿಲ್ಲ. ರೇಸ್ ಇಷ್ಟಪಡುವವರೇ ಅದನ್ನು ಮೊದಲು ಕೇಳಿಸಿಕೊಳ್ಳಬೇಕು.

ಭಾರತಕ್ಕೂ ಆಸ್ಟ್ರೇಲಿಯಾದ ಕುದುರೆಗಳಿಗೂ ಏನಾದರೂ ನಂಟು?

ಕಪ್ ಬೆಳೆಯುತ್ತಿದ್ದ ಕಾಲದಲ್ಲೇ ಆಸ್ಟ್ರೇಲಿಯಾದಿಂದ ಸಾವಿರಾರು ಕುದುರೆಗಳು ಹಡಗಿನಲ್ಲಿ ಕಲ್ಕತ್ತಾ, ಮದರಾಸಿಗೆ ಬರುತ್ತಿದ್ದವು. ಬ್ರಿಟಿಷ್ ಸೇನೆಗೆ ಬೇಕಾದವು. ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದಕ್ಕೆ ಅವುಗಳನ್ನು ವೇಲರ್ ಅನ್ನುತ್ತಿದ್ದರು. ಇವು ರೇಸ್ ಕುದುರೆಗಳಷ್ಟು ನಾಜೂಕಲ್ಲ. ಆದರೆ ದೂರ ತಾಳಿಕೊಳ್ಳುವ ಗುಣ ಅವುಗಳಲ್ಲೂ ಇತ್ತು.

ಈಗ ಗೆಲ್ಲುವ ಕುದುರೆಗಳು ಹೆಚ್ಚಾಗಿ ಹೊರದೇಶದವು ಯಾಕೆ?

ಆಸ್ಟ್ರೇಲಿಯಾದವರು ಕಡಿಮೆ ದೂರದ ಕುದುರೆ ಬೆಳೆಸಲು ಹೊರಟರು, ಅದಕ್ಕೆ. ಎರಡು ವರ್ಷಕ್ಕೇ 1200 ಮೀಟರ್ ಓಡಿ ದುಡ್ಡು ತರುವ ಕುದುರೆ ಇದ್ದರೆ, ಐದು ವರ್ಷ ಕಾದು ಸ್ಟೇಯರ್ ಬೆಳೆಸುವವರು ಯಾರು? ತಾವೇ ದೇಶದ ದೊಡ್ಡ ಬಹುಮಾನವನ್ನು 3200 ಮೀಟರಿಗೆ ಇಟ್ಟು, ಅಷ್ಟು ಓಡುವ ಕುದುರೆ ಮಾತ್ರ ಬೆಳೆಸದಿದ್ದರೆ ಹೊರಗಿನವರು ಬರದೇ ಇರುತ್ತಾರಾ?

ಬಾಗಿಲು ತೆರೆದದ್ದು 1993ರಲ್ಲಿ. ಐರ್ಲೆಂಡಿನ ಡರ್ಮಟ್ ವೆಲ್ಡ್ ತಂದ ವಿಂಟೇಜ್ ಕ್ರಾಪ್, ಉತ್ತರ ಗೋಳಾರ್ಧದಲ್ಲಿ ತಯಾರಾಗಿ ಬಂದು ಗೆದ್ದ ಮೊದಲ ಕುದುರೆ. 2006ರಲ್ಲಿ ಜಪಾನಿನ ಡೆಲ್ಟಾ ಬ್ಲೂಸ್, ಪಾಪ್ ರಾಕ್ ಮೊದಲೆರಡು ಸ್ಥಾನ ಹೊಡೆದವು. 2010, 2011ರಲ್ಲಿ ಫ್ರಾನ್ಸಿನವು. 2018ರಲ್ಲಿ ಇಂಗ್ಲೆಂಡಿನ ಕ್ರಾಸ್ ಕೌಂಟರ್. ನಡುವೆ ಆಸ್ಟ್ರೇಲಿಯಾದ ಮಾಲೀಕರೇ ಯುರೋಪಿಗೆ ಹೋಗಿ ಸ್ಟೇಯರ್ ಕೊಂಡು ತರಲು ಶುರು ಮಾಡಿದರು. 2022ರ ಗೋಲ್ಡ್ ಟ್ರಿಪ್ ಹುಟ್ಟಿದ್ದು ಫ್ರಾನ್ಸಿನಲ್ಲಿ.

ಆದರೆ ಹ್ಯಾಂಡಿಕ್ಯಾಪ್ ಅಲ್ವಾ, ಲೆಕ್ಕ ಯಾವಾಗ ಬೇಕಾದರೂ ತಪ್ಪುತ್ತದೆ. 2024ರಲ್ಲಿ ನೈಟ್ಸ್ ಚಾಯ್ಸ್ ಗೆದ್ದಿತು. ಆಸ್ಟ್ರೇಲಿಯಾದಲ್ಲೇ ಹುಟ್ಟಿದ್ದು, ಅದರ ಅಪ್ಪ ಶುದ್ಧ ಸ್ಪ್ರಿಂಟರ್. ಬುಕ್ಕಿಗಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಹಾಡಿದ್ದ ಜಾಕಿ ರಾಬಿ ಡೋಲನ್, ಜಪಾನಿನ ವಾರ್ಪ್ ಸ್ಪೀಡನ್ನು ಮೂಗಿನ ಅಂತರದಲ್ಲಿ ಹಿಂದೆ ಹಾಕಿದರು. ಟ್ರೇನರ್‌ಗಳಲ್ಲಿ ಒಬ್ಬರು ಅದೇ ಶೀಲಾ ಲ್ಯಾಕ್ಸನ್. 2025ರಲ್ಲಿ ಗೆದ್ದ ಹಾಫ್ ಯುವರ್ಸ್ ಕೂಡ ಅಲ್ಲಿನದೇ ಕುದುರೆ. ಜಾಕಿ ಜೇಮಿ ಮೆಲ್ಹಮ್, ಕಪ್ ಗೆದ್ದ ಎರಡನೇ ಮಹಿಳೆ. ಕೆಲವೇ ವಾರ ಮುಂಚೆ ಅವರು ಅದೇ ಕುದುರೆಯ ಮೇಲೆ ಕಾಲ್‌ಫೀಲ್ಡ್ ಕಪ್ ಕೂಡ ಗೆದ್ದಿದ್ದರು.